ಮೀನಿನ ಗುಣ, ಮೀನಿನ ಬೆಲೆ

ಮೀನಿನ ಮಾತೆತ್ತಿದೊಡನೆ ಮೂಗು ಮುಚ್ಚಿಕೊಳ್ಳುವವರುಂಟು. ಅವರಲ್ಲಿ ನನ್ನದೊಂದು ಅರಿಕೆ. ಆಗತಾನೆ ಬಲೆಯಿಂದ ತೆಗೆದ ಕಡಲಮೀನಿಗೆ ಆ ದುರ್ವಾಸನೆ ಇರುವುದಿಲ್ಲ. ಮೀನು ಸತ್ತ ಬಳಿಕ ಅದರ ಮೈಯಲ್ಲಿರುವ ನಿರ್ಗಂಧ ವಸ್ತುವೊಂದನ್ನು ಸೂಕ್ಷ್ಮಜೀವಿಗಳು ಟ್ರೈಮೀಥೈಲ್ ಅಮೈನ್ ಆಗಿ ಮಾರ್ಪಡಿಸುತ್ತವೆ. ಮೀನಿನ ನಾತವೆಂದು ನಾವು ಕರೆಯುವುದು ಬಹುಮಟ್ಟಿಗೆ ಇದನ್ನೇ. ಅದು ಕಳೆದುಹೋದ ಹೊತ್ತಿನ ಗುರುತು.

ಈ ಹೊತ್ತನ್ನು ತಡೆದು ನಿಲ್ಲಿಸುವುದು ಹೇಗೆಂಬುದೇ ಮತ್ಸ್ಯ ಸಂಸ್ಕರಣೆಯ ಸಂಶೋಧನೆಯ ಮೂಲಪ್ರಶ್ನೆ. ಕೊಚ್ಚಿಯಲ್ಲಿ 1957ರಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯೂ, ಮಂಗಳೂರಿನಲ್ಲಿ 1969ರಲ್ಲಿ ಮೀನುಗಾರಿಕಾ ಕಾಲೇಜೂ ಆರಂಭವಾದವು. ಅಲ್ಲಿಂದೀಚೆಗೆ ದೊರೆತ ಉತ್ತರಗಳಲ್ಲಿ ಎಷ್ಟೋ ತೀರ ಸರಳವಾದವು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 80 ಕಿಲೋಕ್ಯಾಲೊರಿ ಶಾಖವನ್ನು ಹೀರುತ್ತದೆ. ನಮ್ಮಂಥ ಸೆಕೆಯ ನಾಡಿನಲ್ಲಿ ಮೀನಿನಷ್ಟೇ ತೂಕದ ಮಂಜುಗಡ್ಡೆ ಬೇಕು. ಬಂಗುಡೆಯಂಥ ಮೀನು ಬಿಸಿಲಿನಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮೀನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದ್ದನ್ನು ಒಲೆಯ ಬೆಂಕಿಯೂ ಕಳೆಯಲಾರದು.

ಒಣಮೀನಿನ ವಿಷಯ ಇನ್ನೂ ಸ್ವಾರಸ್ಯವಾದುದು. ಉಪ್ಪು ಹಾಕಿದ ಮೀನಿನ ಮೇಲೆ ಒಮ್ಮೊಮ್ಮೆ ನಸುಗೆಂಪು ಬಣ್ಣ ಕಾಣಿಸಿಕೊಳ್ಳುತ್ತದೆ. ಉಪ್ಪಿನಲ್ಲಿಯೇ ಬದುಕುವ ಸೂಕ್ಷ್ಮಜೀವಿಗಳ ಕೆಲಸವದು. ಅವು ಬರುವುದೂ ಗದ್ದೆಯ ಕಚ್ಚಾ ಉಪ್ಪಿನಿಂದಲೇ. ಆ ಉಪ್ಪಿನಲ್ಲಿ ಬೆರೆತ ಮೆಗ್ನೀಸಿಯಂ ಲವಣ ಗಾಳಿಯ ತೇವವನ್ನು ಎಳೆದುಕೊಂಡು, ಒಣಗಿದ ಮೀನನ್ನು ಮತ್ತೆ ಹಸಿಯಾಗಿಸುತ್ತದೆ. ಶುದ್ಧವಾದ ಉಪ್ಪು, ಮರಳಿನ ಬದಲು ಹಳೆಯ ಬಲೆ ಹಾಸಿದ ಬಿದಿರಿನ ಅಟ್ಟಣೆ: ಇಷ್ಟಿದ್ದರೆ ಕೆಳಗಿನಿಂದಲೂ ಗಾಳಿಯಾಡಿ ಮೀನು ಬೇಗ ಒಣಗುತ್ತದೆ, ಮರಳೂ ಸೇರುವುದಿಲ್ಲ.

ಇದನ್ನು ನಾನು ಗಂಗೊಳ್ಳಿಯ ಕಡೆಯ ಹಿರಿಯ ಹೆಂಗಸೊಬ್ಬರಿಗೆ ಕಲಿಸಿಕೊಟ್ಟಿದ್ದೆ. ಮೀನು ಬೆಳ್ಳಿಯಂತೆ ಒಣಗಿತು. ನನ್ನ ವರದಿಯಲ್ಲಿ ‘ಪ್ರಯೋಗ ಯಶಸ್ವಿ’ ಎಂದು ಬರೆದುಕೊಂಡೆ. ಮರುವರ್ಷ ಹೋದಾಗ ಅಟ್ಟಣೆ ಸೌದೆಯಾಗಿತ್ತು. ಮೀನು ಮರಳಿನ ಮೇಲೆಯೇ ಇತ್ತು. ನಾನು ಕಾರಣ ಕೇಳಿದೆ. “ನೀವ್ ಹೇಳ್ದಾಂಗೆ ಮಾಡ್ರೆ ಮೀನ್ ಚಂದ ಆತ್ತ್ ಮಾರಾಯ್ರೆ. ಆದ್ರೆ ಅದ್ಕೆ ಹೆಚ್ಚ್ ದುಡ್ಡ್ ಕೊಡುದ್ ಯಾರ್?” ಎಂದರು. ವ್ಯಾಪಾರಿ ಅವರ ಮೀನನ್ನೂ ನೆರೆಯವರ ಮರಳು ಮೆತ್ತಿದ ಮೀನನ್ನೂ ಒಂದೇ ರಾಶಿಗೆ ಸುರಿದು, ಒಂದೇ ದರ ಕಟ್ಟಿದ್ದನಂತೆ. ಉಪ್ಪಿನ ಹೆಚ್ಚಿನ ಖರ್ಚು ಮಾತ್ರ ಅವರ ಸೆರಗಿನ ಗಂಟಿನಿಂದ ಹೋಗಿತ್ತು.

ನನ್ನಲ್ಲಿ ಉತ್ತರವಿರಲಿಲ್ಲ. ಗುಣವನ್ನು ಹೆಚ್ಚಿಸುವ ವಿದ್ಯೆ ನನಗೆ ಗೊತ್ತಿತ್ತು. ಆ ಗುಣ ಬೆಲೆಯಾಗಿ ಅವರ ಕೈಗೆ ಮರಳುವ ದಾರಿಯನ್ನು ನಾನು ಯೋಚಿಸಿಯೇ ಇರಲಿಲ್ಲ. ಸಿಗಡಿಯ ಸಿಪ್ಪೆಯಿಂದ ಕೈಟಿನ್ ತೆಗೆಯುವ ವಿದ್ಯೆಯೂ ನಮ್ಮಲ್ಲಿದೆ. ಕಸ ಸರಕಾಗುವುದು ದೊಡ್ಡ ಮಾತೇ ಸರಿ. ಆದರೆ ಅದರ ಲಾಭದಲ್ಲಿ ಸಿಪ್ಪೆ ಸುಲಿದ ಕೈಗಳಿಗೆಷ್ಟು ಎಂಬುದನ್ನೂ ಸಂಶೋಧಕನಾದವನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊಳ್ಳುವವರ ಪಾಲೂ ಇದರಲ್ಲಿದೆ. ಮುಂದಿನ ಸಲ ಸಂತೆಯಲ್ಲಿ ಒಣಮೀನು ಕೊಳ್ಳುವಾಗ, ಅದು ಎಲ್ಲಿ ಒಣಗಿದ್ದೆಂದು ಒಂದು ಮಾತು ಕೇಳಿ. ಶುಚಿಯಾದುದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಿ. ಆ ಅಟ್ಟಣೆ ಮತ್ತೆ ಏಳುವುದು ನನ್ನ ವರದಿಯಿಂದಲ್ಲ, ಅದರಿಂದ.

(ಬಾನುಲಿ ಭಾಷಣ)