ರಕ್ತದ ಲೆಕ್ಕವೂ ದಿನದ ಗುಳಿಗೆಯೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ದುಡಿದು ಉಣ್ಣುವ ನಮಗೆ ಮೈಯೇ ಬಂಡವಾಳ. ಪಾರ್ಶ್ವವಾಯು ಬಡಿದರೆ ಆ ಬಂಡವಾಳವೇ ಮುಳುಗುತ್ತದೆ. ಊರಿಗೆ ಕಳಿಸುವ ಹಣವೂ ನಿಲ್ಲುತ್ತದೆ.

ಧಮನಿಯ ಒಳಗೋಡೆಗೆ ಜಿಡ್ಡು ಅಂಟುವಾಗ ನೋವಿರುವುದಿಲ್ಲ. ಅದರ ಸುಳಿವು ಕೊಡುವುದು ರಕ್ತಪರೀಕ್ಷೆ. ಎಲ್.ಡಿ.ಎಲ್. ಆ ಜಿಡ್ಡನ್ನು ಹೊತ್ತು ತರುತ್ತದೆ, ಸಿ.ಆರ್.ಪಿ. ಒಳಗಿನ ಉರಿಯೂತವನ್ನು ತೋರಿಸುತ್ತದೆ, ಜ್ವರಕ್ಕೂ ಏರುವುದುಂಟು. 2008ರಲ್ಲಿ ಪ್ರಕಟವಾದ ‘ಜುಪಿಟರ್’ ಪ್ರಯೋಗಕ್ಕೆ ಎಲ್.ಡಿ.ಎಲ್. 130ಕ್ಕಿಂತ ಕೆಳಗಿದ್ದೂ ಸಿ.ಆರ್.ಪಿ. ಏರಿದ್ದ 17,802 ಮಂದಿಯನ್ನು ಆರಿಸಿದ್ದರು. ಅವರಲ್ಲಿ ರೋಸುವಾಸ್ಟಾಟಿನ್ ಗುಳಿಗೆ ನುಂಗಿದವರಿಗೆ ಪಾರ್ಶ್ವವಾಯು ಬಡಿದದ್ದು, ನುಂಗದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆ.

ಆದರೆ ನಮ್ಮಲ್ಲಿ ಕೆಲವರು ವರದಿ ಚೆನ್ನಾಗಿ ಬಂತೆಂದು ಗುಳಿಗೆ ಬಿಡುತ್ತಾರೆ. ವರದಿ ಚೆನ್ನಾದದ್ದೇ ಗುಳಿಗೆಯಿಂದ! ಬಿಟ್ಟ ಕೆಲವೇ ವಾರಗಳಲ್ಲಿ ಎಲ್.ಡಿ.ಎಲ್. ಮತ್ತೆ ಏರುತ್ತದೆ. ಮೈಕೈ ನೋವು ಬಂದರೆ ವೈದ್ಯರಿಗೆ ಹೇಳೋಣ. ಅವರು ಪ್ರಮಾಣ ಬದಲಿಸಿಯಾರು. ರಕ್ತದೊತ್ತಡ ನೋಡಿಸಿಕೊಳ್ಳೋಣ, ಬೀಡಿ, ತಂಬಾಕು ಬಿಡೋಣ.

ಇಷ್ಟಾಗಿಯೂ ಯಾರಿಗಾದರೂ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ತಡಮಾಡದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯೋಣ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೇ ಗಡುವು.

ಪಾಳಿ ತಪ್ಪಿದರೆ ಒಂದು ದಿನದ ಕೂಲಿ ಹೋದೀತು. ಗುಳಿಗೆ ಬಿಟ್ಟರೆ ದುಡಿಯುವ ಕೈಯೇ ಹೋದೀತು.