ತೆರೆಗೂ ಮೈಗೂ ನಡುವೆ ಕೂತ ದರ್ಜಿ



ಎಪ್ಪತ್ತರ ದಶಕದ ಕನ್ನಡ ಸಿನಿಮಾ ನಮ್ಮ ಉಡುಗೆ ತೊಡುಗೆಯನ್ನು ಬದಲಿಸಿತು ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಹೇಗೆ ಎಂದು ಕೇಳಿದರೆ ಮಾತ್ರ ನಟನಟಿಯರ ಹೆಸರು ಹೇಳಿ ಸುಮ್ಮನಾಗುತ್ತೇವೆ. ತೆರೆಗೂ ಮೈಗೂ ನಡುವೆ ಒಬ್ಬ ದರ್ಜಿ ಕೂತಿದ್ದ. ಅವನನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು ಎಂಬುದು ನನ್ನ ಗಟ್ಟಿ ನಂಬಿಕೆ.

1971ರ ‘ಶರಪಂಜರ’ವನ್ನು ನೆನೆಯಿರಿ. ನಿರ್ದೇಶಕ ಪುಟ್ಟಣ್ಣ ನಮ್ಮ ಅರಕಲಗೂಡಿನ ನೆರೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಕಥೆ ಕಾದಂಬರಿಗಾರ್ತಿ ತ್ರಿವೇಣಿಯವರದು, ಕಥಾನಾಯಕಿ ಕಾವೇರಿಯಾದವರು ಕಲ್ಪನಾ. ಮನಸ್ಸು ಕದಡಿದ ಹೆಣ್ಣನ್ನು ಮನೆ, ಊರು ಹೇಗೆ ನಡೆಸಿಕೊಳ್ಳುತ್ತವೆ ಎಂಬ ಚಿತ್ರ ಅದು. ಕನ್ನಡದಲ್ಲಿ ಬಣ್ಣದ ಚಿತ್ರ ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ಅದು ಬಣ್ಣದಲ್ಲೇ ಬಂತು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಲೇ ಕಲ್ಪನಾ ಉಟ್ಟ ಸೀರೆಯ ಬಣ್ಣವನ್ನೂ ರವಿಕೆಯ ತೋಳನ್ನೂ ಕಣ್ತುಂಬಿಕೊಂಡು ಬಂದರು. ಇದನ್ನು ಹಗುರವಾಗಿ ಕಾಣುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮದುವೆಯಿಂದ ಹಿಡಿದು ಮನೆಖರ್ಚಿನವರೆಗೆ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಿದ್ದ ಹೆಣ್ಣುಮಗಳಿಗೆ, ಗೌರಿಹಬ್ಬದ ರವಿಕೆಯ ತೋಳು ಎಷ್ಟುದ್ದ ಇರಬೇಕೆನ್ನುವುದು ತಾನೇ ಹೇಳಬಹುದಾಗಿದ್ದ ಮಾತು.

ಆ ಮಾತು ಹೋಗಿ ಮುಟ್ಟುತ್ತಿದ್ದದ್ದು ದರ್ಜಿಗೆ. ಸಿದ್ಧ ಉಡುಪು ನಮ್ಮ ಕಡೆ ಆಗ ವಿರಳ. ಅಂಗಡಿಯಲ್ಲಿ ಪೀಸು ಹರಿಸಿ, ‘ಸುಧಾ’ ಪತ್ರಿಕೆಯಲ್ಲೋ ‘ಪ್ರಜಾಮತ’ದಲ್ಲೋ ಬಂದ ಚಿತ್ರ ತೋರಿಸಿ, ಇಂಥದ್ದೇ ಹೊಲಿದುಕೊಡಿ ಎನ್ನಬೇಕಿತ್ತು. ರವಿಕೆ ಕಣದಲ್ಲಿ ಉದ್ದ ತೋಳು ಎಟುಕದಿದ್ದರೆ ಆತ ಮೊಣಕೈಗೇ ನಿಲ್ಲಿಸಿ ಅಂಚಿಗೆ ಬೇರೆ ಬಟ್ಟೆ ಕೂಡಿಸುತ್ತಿದ್ದ. ಬೆನ್ನಿನ ಆಳ ಅತ್ತೆಯ ಮುಖ ನೋಡಿ ಕಡಿಮೆಯಾಗುತ್ತಿತ್ತು. ಬೆಲ್‌ಬಾಟಮ್ಮಿನ ಆಸೆಗೆ ಹೊಸ ಬಟ್ಟೆ ಕೊಳ್ಳಲಾಗದ ಹುಡುಗರ ಹಳೆಯ ಪ್ಯಾಂಟನ್ನು ಮಂಡಿಯ ಕೆಳಗೆ ಬಿಚ್ಚಿ, ಮೂರು ಮೂಲೆಯ ತುಂಡು ಸೇರಿಸಿ ಅಗಲ ಮಾಡಿಕೊಡುತ್ತಿದ್ದ. ಹೀಗೆ ಹುಟ್ಟಿದ ಉಡುಪು ಯಾವ ಸಿನಿಮಾದಲ್ಲೂ ಇರಲಿಲ್ಲ. ಅದು ನಮ್ಮೂರಿನದೇ.

1972 ಒಂದು ವಿಶೇಷ ವರ್ಷ. ‘ಬಂಗಾರದ ಮನುಷ್ಯ’ ಚಿತ್ರದ ನಾಯಕ ರಾಜೀವ ಪಂಚೆಯುಟ್ಟು ಹೊಲಕ್ಕಿಳಿದು ರೈತನ ಉಡುಪಿಗೆ ಮರ್ಯಾದೆ ತಂದ. ಅದೇ ವರ್ಷ ‘ನಾಗರಹಾವು’ ವಿಷ್ಣುವರ್ಧನ್ ಅವರನ್ನು ರಾಮಾಚಾರಿಯಾಗಿ ಕಾಲೇಜು ಹುಡುಗರ ಮುಂದೆ ನಿಲ್ಲಿಸಿತು. ಒಂದೇ ಮನೆಯಲ್ಲಿ ಪಂಚೆಯ ಅಣ್ಣ, ಹಿಪ್ಪಿ ಕ್ರಾಪಿನ ತಮ್ಮ ಇರುವುದು ಸಾಧ್ಯವಾಯಿತು. ಅವರಿಬ್ಬರ ನಡುವಿನ ಜಗಳವೂ ನಮ್ಮ ಅಧ್ಯಯನದ ವಸ್ತುವಾಗಲಿ.

ಇನ್ನೊಂದು ಸಂಗತಿ, ಕಾಲದ್ದು. ಪ್ರಿಂಟುಗಳು ಕಡಿಮೆ ಇದ್ದವು. ಬೆಂಗಳೂರು, ಮೈಸೂರಿನಲ್ಲಿ ಓಡಿದ ಚಿತ್ರ ಸಣ್ಣ ಊರುಗಳ ಟಾಕೀಸು, ಟೆಂಟುಗಳಿಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಹಾಗಾದರೆ ಹಾಸನದಲ್ಲಿ ಹಳತಾದ ರವಿಕೆಯ ತೋಳು ಹೊಳೆನರಸೀಪುರದಲ್ಲಿ ಹೊಸದಾಗಿತ್ತೇ? ಚನ್ನರಾಯಪಟ್ಟಣದ ಹುಡುಗಿ ಸಿನಿಮಾಕ್ಕೂ ಮೊದಲೇ ಪತ್ರಿಕೆಯ ಪುಟದಲ್ಲಿ ಅದನ್ನು ಕಂಡಿದ್ದಳೇ? ಉತ್ತರ ಮನೆಮನೆಯ ಮದುವೆ ಆಲ್ಬಮ್ಮುಗಳಲ್ಲಿ, ಸ್ಟುಡಿಯೋಗಳ ನೆಗೆಟಿವ್‌ಗಳಲ್ಲಿ, ದರ್ಜಿಗಳ ಅಳತೆ ಪುಸ್ತಕಗಳಲ್ಲಿ ಇದೆ. ಆ ನೆಗೆಟಿವ್‌ಗಳು ಹಾಳಾಗುತ್ತಿವೆ, ಅಳತೆ ಪುಸ್ತಕಗಳು ರದ್ದಿಗೆ ಹೋಗುತ್ತಿವೆ. ಅಂದು ಕತ್ತರಿ ಹಿಡಿದವರಿಗೆ ಈಗ ಎಪ್ಪತ್ತು, ಎಂಬತ್ತರ ಪ್ರಾಯ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ: ನಿಮ್ಮ ಊರಿನ ಒಬ್ಬ ಹಿರಿಯ ದರ್ಜಿಯನ್ನೂ, ಅವರಲ್ಲಿ ಬಟ್ಟೆ ಹೊಲಿಸಿಕೊಂಡ ಒಬ್ಬ ಅಜ್ಜಿಯನ್ನೂ ಈ ವರ್ಷವೇ ಮಾತಾಡಿಸಿ, ಧ್ವನಿ ಮುದ್ರಿಸಿಕೊಳ್ಳಿ. ಈ ವಿಚಾರ ಸಂಕಿರಣದ ಸಂಪುಟದಲ್ಲಿ ವಿದ್ವಾಂಸರ ಪ್ರಬಂಧಗಳ ಜೊತೆಗೇ ಆ ಮಾತುಗಳೂ ಅಚ್ಚಾಗಲಿ.