ಮಲಪ್ರಭೆಯ ದಡದಲ್ಲಿ



ದೂರದೇಶಗಳನ್ನು ಸುತ್ತಿ ಬಂದವರು ಫ್ರಾನ್ಸಿನ ಉತ್ತರ ಕಡಲ ತೀರವನ್ನು ಬಣ್ಣಿಸುವುದನ್ನು ನೀವೂ ಕೇಳಿರಬಹುದು. ಒಂದೆಡೆ ಸುಣ್ಣದ ಕಲ್ಲಿನ ಬಿಳಿಯ ಬಂಡೆಗಳು ಕಮಾನುಗಳಾಗಿ ಕಡಲಿಗೆ ಚಾಚಿಕೊಂಡಿವೆ. ಇನ್ನೊಂದೆಡೆ ಉಬ್ಬರವಿಳಿತಗಳ ನಡುವೆ ಗುಡ್ಡವೊಂದರ ಮೇಲೆ ಪುರಾತನವಾದ ಮಠ ನಿಂತಿದೆ. ಮತ್ತೊಂದೆಡೆ 1944ರ ಜೂನ್ 6ರಂದು ಸೈನ್ಯಗಳು ಇಳಿದ ಮರಳದಂಡೆಗಳು. ಪ್ರಕೃತಿಯ ಚೆಲುವನ್ನೂ ಚರಿತ್ರೆಯ ನೋವನ್ನೂ ಒಂದೇ ನಡಿಗೆಯಲ್ಲಿ ಕಾಣಬಹುದೆಂಬುದೇ ಆ ತೀರದ ಹಿರಿಮೆ.

ಆ ಮಾತನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಕಡಲಲ್ಲ, ಒಂದು ನದಿ. ನಮ್ಮ ಬೆಳಗಾವಿ ಜಿಲ್ಲೆಯ ಮಲಪ್ರಭೆ. ಖಾನಾಪುರದ ಕಾಡಿನಲ್ಲಿ, ಕಣಕುಂಬಿಯಲ್ಲಿ ಹುಟ್ಟಿ, ಮೂಡಣಮುಖವಾಗಿ ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆಯ ಮಧ್ಯಭಾಗದಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಸೀಮೆಗಳಿವೆ. ಈ ಸಂಜೆ ನಿಮ್ಮನ್ನು ಆ ದಡದಗುಂಟ ಕರೆದುಕೊಂಡು ಹೋಗಬೇಕೆಂದು ನನ್ನ ಆಸೆ.

ಪಶ್ಚಿಮದಿಂದಲೇ ಹೊರಡೋಣ. ಕಿತ್ತೂರಿನ ಸುತ್ತಿನ ನೆಲ ಮಲೆನಾಡಿನ ಸೆರಗು. ಮಣ್ಣು ಕೆಂಪು, ಮಳೆ ಧಾರಾಳ. ಪಟ್ಟಣದ ಸಮೀಪದಲ್ಲಿಯೇ ದೇಗಾವಿ ಎಂಬ ಸಣ್ಣ ಹಳ್ಳಿಯುಂಟು. ಅಲ್ಲಿರುವ ಕಮಲನಾರಾಯಣ ದೇವಾಲಯವನ್ನು ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ಅರಸು ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದಳು. ಒಂದೇ ಸಾಲಿನಲ್ಲಿ ಮೂರು ಗರ್ಭಗುಡಿಗಳು; ಅವುಗಳ ಮುಂದೆ ನೀಳವಾದ ಕಂಬಸಾಲೆ. ಕಂಬಗಳ ನೆರಳಿನಲ್ಲಿ ಕುಳಿತರೆ ಹೊರಗಿನ ಬಿಸಿಲು ಬೇರೊಂದು ಲೋಕದ್ದೆಂಬಂತೆ ತೋರುವುದು.

ಉತ್ತರಕ್ಕೆ ಹೊರಳಿ ಹೊಳೆಯ ದಂಡೆಗೆ ಬಂದರೆ ಎಂ. ಕೆ. ಹುಬ್ಬಳ್ಳಿ. ಬಸವಣ್ಣನವರ ಪತ್ನಿ ಗಂಗಾಂಬಿಕೆ ಐಕ್ಯಳಾದ ಸ್ಥಳವೆಂದು ಭಕ್ತರು ನಂಬುವ ಠಾವು ಅಲ್ಲಿ ನದಿಯಲ್ಲಿಯೇ ಇದೆ. ಅದೇ ಹೊಳೆಯ ಮೇಲಣ ಕಾದರವಳ್ಳಿಯಲ್ಲಿ ಪಾತ್ರದ ನಡುವಣ ಬಂಡೆಯ ಮೇಲೆ ಶಂಕರಲಿಂಗನ ಗುಡಿ ನಿಂತಿದೆ. ಮಳೆಗಾಲದಲ್ಲಿ ಪ್ರವಾಹ ಅದನ್ನು ಸುತ್ತುವರಿಯುತ್ತದೆ, ಕೆಲವೊಮ್ಮೆ ಮುಳುಗಿಸುವುದೂ ಉಂಟು. ನೀರು ಇಳಿದ ಮೇಲೆ ಗುಡಿ ಮತ್ತೆ ಬಿಸಿಲಿಗೆ ಮೈಯೊಡ್ಡುತ್ತದೆ.

ಇನ್ನು ಕಿತ್ತೂರು. ಇಲ್ಲಿನ ಕೋಟೆಯ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ತೀರಿಕೊಂಡನು. ದತ್ತುಪುತ್ರನನ್ನು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದನು. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಕಾಳಗವಾಗಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕುಂಪಣಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಇಂದು ಅಲ್ಲಿ ಉಳಿದಿರುವುದು ಕಂದಕದ ಗುರುತು, ಕೆಲವು ಕೊತ್ತಳಗಳು, ಮಾಡಿಲ್ಲದ ಅರಮನೆಯ ದಪ್ಪ ಗೋಡೆಗಳು. ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಬಿಟ್ಟ ಕಿಂಡಿಯನ್ನು ಅಲ್ಲಿನವರು ಅಭಿಮಾನದಿಂದ ತೋರಿಸುತ್ತಾರೆ. ಮಾಡು ಹೋದರೂ ನಕ್ಷತ್ರದ ಕಿಂಡಿ ಉಳಿದಿರುವುದು ವಿಚಿತ್ರವೇ ಸರಿ.

ಆದರೆ ಆ ಯುದ್ಧದ ಒಂದು ಸಂಗತಿಯನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಅಂದು ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬವನೊಬ್ಬ. ಆಗ ಅವನಿಗೆ ವಯಸ್ಸು ಇಪ್ಪತ್ತೊಂದು. ಕಿತ್ತೂರಿನವರು ಅವನ ಪ್ರಾಣಕ್ಕೆ ಅಪಾಯ ಮಾಡದೆ ಸೆರೆಯಲ್ಲಿಟ್ಟು, ಬಳಿಕ ಬಿಡುಗಡೆ ಮಾಡಿದರು. ಆ ತರುಣನು ಮುಂದೆ ಇದೇ ಸೀಮೆಯಲ್ಲಿ ಕೆಲಸಮಾಡುತ್ತ, ಊರೂರಿನ ಕಲ್ಬರಹಗಳ ಪ್ರತಿ ಮಾಡಿಸಲು ತೊಡಗಿದನು. ಹೀಗೆ ಸಂಗ್ರಹವಾದ ಶಾಸನಗಳ ಪ್ರತಿಗಳು 500ಕ್ಕೂ ಮೀರಿದುವು. 1837ರಲ್ಲಿ ಅವನು ಪ್ರಕಟಿಸಿದ ಪ್ರಬಂಧವು ಕನ್ನಡನಾಡಿನ ಚಾಲುಕ್ಯರ ಇತಿಹಾಸವನ್ನು ಶಾಸನಗಳ ಆಧಾರದಿಂದ ಕಟ್ಟುವ ಕಾರ್ಯಕ್ಕೆ ಮೊದಲ ಮೆಟ್ಟಲಾಯಿತು. ಕಿತ್ತೂರಿನ ಸೆರೆಮನೆಯಲ್ಲಿ ಅವನ ಪ್ರಾಣ ಹೋಗಿದ್ದರೆ ನಮ್ಮ ಎಷ್ಟು ಶಾಸನಗಳ ಮಾತು ಇನ್ನೆಷ್ಟು ಕಾಲ ಮೌನವಾಗಿರುತ್ತಿತ್ತೋ! ಹಗೆಯನ್ನು ಮಾನವೀಯತೆಯಿಂದ ಕಂಡ ಸಂಸ್ಥಾನವು ಅಳಿಯಿತು. ಆ ಮಾನವೀಯತೆಯ ಫಲವನ್ನು ಮಾತ್ರ ನಾವು ಇಂದಿಗೂ ಉಣ್ಣುತ್ತಿದ್ದೇವೆ.

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವ ದಾರಿಯಲ್ಲಿ ನೆಲದ ಬಣ್ಣ ಕ್ರಮವಾಗಿ ಬದಲಾಗುತ್ತದೆ. ಕೆಂಪು ಮಣ್ಣು ಹಿಂದೆ ಸರಿದು, ಎರೆಭೂಮಿ ಎರಡೂ ಕಡೆ ಹರಡಿಕೊಳ್ಳುತ್ತದೆ. ಹಿಂಗಾರಿನ ಜೋಳ, ಕಡಲೆ, ಕುಸುಬೆ, ಹತ್ತಿ. ಬಯಲಿನ ಮೇಲೆ ಯಾವ ತಡೆಯೂ ಇಲ್ಲದೆ ಬೀಸುವ ಗಾಳಿ. ಚೆನ್ನಮ್ಮರಾಣಿಯು ತನ್ನ ಕೊನೆಯ ವರ್ಷಗಳನ್ನು ಬೈಲಹೊಂಗಲದ ಕೋಟೆಯ ಸೆರೆಯಲ್ಲಿ ಕಳೆದಳು. 1829ರಲ್ಲಿ ಅಲ್ಲಿಯೇ ಮರಣಹೊಂದಿದಳು, ಸಮಾಧಿಯೂ ಅಲ್ಲಿಯೇ. ಇದೇ ಸೀಮೆಯ ಸಂಗೊಳ್ಳಿ ಮಲಪ್ರಭೆಯ ದಡದ ಊರು. ಅಲ್ಲಿನ ರಾಯಣ್ಣನು ರಾಣಿಯ ಪಕ್ಷವನ್ನು ಬಿಡದೆ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಕಿತ್ತೂರಿನ ಗೋಡೆಗಳನ್ನು ಕಂಡವರು ಬೈಲಹೊಂಗಲದ ಸಮಾಧಿಯನ್ನು ಕಾಣದೆ ಹಿಂದಿರುಗಬಾರದು. ಗೆದ್ದ ದಿನದ ಕಥೆಯನ್ನು ಕಿತ್ತೂರು ಹೇಳುತ್ತದೆ. ಸೋತ ಮೇಲೆ ಬಾಳಬೇಕಾದ ನಾಲ್ಕು ವರ್ಷಗಳ ಕಥೆಯನ್ನು ಬೈಲಹೊಂಗಲ ಹೇಳುತ್ತದೆ.

ಮನಸ್ಸು ಭಾರವಾದವರಿಗೆ ಸೊಗಲವು ಸಮೀಪದಲ್ಲಿಯೇ ಇದೆ. ಬಯಲುಸೀಮೆಯ ನಡುವೆ ಇದ್ದಕ್ಕಿದ್ದಂತೆ ಒಂದು ಕಲ್ಲುಕಣಿವೆ, ಅದರಲ್ಲಿ ಧುಮುಕುವ ನೀರು, ತಂಪಾದ ಮರಗಳು, ಪಕ್ಕದಲ್ಲಿ ಸೋಮೇಶ್ವರನ ಗುಡಿ. ಮಳೆ ಬಿದ್ದ ಮೇಲೆ ಆ ಅಬ್ಬಿಯ ಸದ್ದು ಗುಡಿಯ ಒಳಕ್ಕೂ ಕೇಳಿಸುವುದು. ಇಲ್ಲಿ 980ನೆಯ ವರ್ಷದ ಒಂದು ಶಾಸನವುಂಟು. ಸ್ವಾರಸ್ಯವೆಂದರೆ, ಅದೇ ವರ್ಷದ ಇನ್ನೊಂದು ಶಾಸನ ಸವದತ್ತಿಯಲ್ಲಿದೆ. ಸವದತ್ತಿಯ ಕಲ್ಲು ಶಾಂತಿವರ್ಮನನ್ನು ಹೆಸರಿಸಿದರೆ, ಸೊಗಲದ ಕಲ್ಲು ರಟ್ಟರ ಕಾರ್ತವೀರ್ಯನನ್ನು ಹೆಸರಿಸುತ್ತದೆ. ಇಬ್ಬರೂ ಚಾಲುಕ್ಯ ತೈಲಪನ ಅಧೀನರು. ಏಳು ವರ್ಷಗಳ ಹಿಂದೆಯಷ್ಟೇ, 973ರಲ್ಲಿ, ತೈಲಪನು ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗಾಣಿಸಿದ್ದನು. ಸಾಮ್ರಾಜ್ಯ ಕೈಬದಲಾದ ಕಾಲದಲ್ಲಿ ಒಂದು ಸೀಮೆಯೊಳಗೆ ಇಬ್ಬರು ನಾಯಕರು ತಲೆಯೆತ್ತಿದ ಸುದ್ದಿಯನ್ನು ಈ ಎರಡು ಕಲ್ಲುಗಳು ಹೊತ್ತಿವೆ. ಒಂದನ್ನು ಮಾತ್ರ ಓದಿದವನಿಗೆ ಆ ಸುದ್ದಿ ತಿಳಿಯುತ್ತಿರಲಿಲ್ಲ.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಟ್ಟರು ಹದಿಮೂರನೆಯ ಶತಮಾನದ ಆರಂಭದಲ್ಲಿ ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ ಹೋಗುವವರೆಗೆ ಇದೇ ಅವರ ರಾಜಧಾನಿ. ಊರಿನ ಕೋಟೆಯಾದರೋ ಈಚಿನದು. ಹದಿನೆಂಟನೆಯ ಶತಮಾನದಲ್ಲಿ ಸಿರಸಂಗಿಯ ದೇಸಾಯಿ ಕಟ್ಟಿಸಿದ್ದು. ಆ ಮನೆತನದ ಕೊನೆಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟರು. ಕೋಟೆ ಕಟ್ಟಿದ ಮನೆತನವು ಶಾಲೆಗಳಿಗೆ ಆಸರೆಯಾಗಿ ಮುಗಿದದ್ದು ಉಚಿತವಾದ ಮುಕ್ತಾಯ. ಹತ್ತಿರದ ಹೂಲಿಯು ಶಾಸನಗಳ ‘ಪೂಲಿ’, ಪ್ರಸಿದ್ಧವಾದ ಅಗ್ರಹಾರ. ಪಂಚಲಿಂಗೇಶ್ವರನ ದೊಡ್ಡ ಗುಡಿಯನ್ನು ನೋಡಿ ಗುಡ್ಡದ ಬುಡದಲ್ಲಿ ನಡೆದರೆ, ಪಾಳುಬಿದ್ದ ಗುಡಿಗಳು ಒಂದಾದ ಮೇಲೊಂದು ಎದುರಾಗುತ್ತವೆ.

ಎಲ್ಲಮ್ಮನ ಗುಡ್ಡವನ್ನು ಹೊಸದಾಗಿ ಬಣ್ಣಿಸಬೇಕಾಗಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಬಂಡಿಗಳ ಸಾಲು, ಭಂಡಾರದ ಹಳದಿ, ‘ಉಧೋ ಉಧೋ’ ಎಂಬ ಕೂಗು. ಇದೇ ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುತ್ತಿದ್ದ ಕ್ರೂರ ಪದ್ಧತಿಯನ್ನು 1982ರ ಕಾಯಿದೆ ನಿಷೇಧಿಸಿತೆಂಬುದನ್ನೂ ಯಾತ್ರಿಕನು ಮರೆಯಬಾರದು. ಭಕ್ತಿ ದೊಡ್ಡದಾದಷ್ಟೂ ಅದರ ಹೊಣೆಯೂ ದೊಡ್ಡದು.

ಈ ಪ್ರಯಾಣದಲ್ಲಿ ಪ್ರಕೃತಿಯ ಅತ್ಯಂತ ಗಂಭೀರವಾದ ನೋಟವೆಂದರೆ ನವಿಲುತೀರ್ಥ. ಬಯಲಿನಲ್ಲಿ ಸಾವಕಾಶವಾಗಿ ಹರಿದುಬಂದ ಮಲಪ್ರಭೆಗೆ ಇಲ್ಲಿ ಮರಳುಗಲ್ಲಿನ ಬೆಟ್ಟದ ಸಾಲೊಂದು ಅಡ್ಡಬರುತ್ತದೆ. ನದಿ ಸುತ್ತಿ ಹೋಗಲಿಲ್ಲ. ಯುಗಯುಗಗಳ ಕಾಲ ಕೊರೆದು, ಬೆಟ್ಟವನ್ನು ಸೀಳಿಕೊಂಡೇ ಹೋಯಿತು. ಆ ಕಂಡಿ ಎಷ್ಟು ಇಕ್ಕಟ್ಟೆಂದರೆ, 1970ರ ದಶಕದ ಆದಿಯಲ್ಲಿ ಇಲ್ಲಿ ಕಟ್ಟಿದ ಅಣೆಕಟ್ಟಿನ ಉದ್ದ ಸುಮಾರು 155 ಮೀಟರು ಮಾತ್ರ. ಆದರೆ ಅದರ ಹಿಂದೆ ನಿಂತ ರೇಣುಕಾಸಾಗರದಲ್ಲಿ 37 ಟಿಎಂಸಿಗೂ ಮಿಕ್ಕಿ ನೀರು ಹಿಡಿಯುವುದು. ನದಿ ಕೊರೆದುಕೊಟ್ಟ ಬಾಗಿಲಿಗೆ ಮನುಷ್ಯನು ಕದವನ್ನಷ್ಟೇ ಇಟ್ಟನು. ಬರಗಾಲದಲ್ಲಿ ಆ ಕದದ ಹಿಂದಿನ ನೀರಿಗಾಗಿ ಜನ ಬಾಯಾರಿ ಕಾಯುತ್ತಾರೆ. 2019ರ ಆಗಸ್ಟಿನಂಥ ಮಹಾಪೂರದಲ್ಲಿ ರಾಮದುರ್ಗದ ಕಡೆಯ ಹಳ್ಳಿಗಳು ಅದೇ ನೀರಿನಿಂದ ತತ್ತರಿಸುತ್ತವೆ.

ಅಲ್ಲಿಂದ ಕೆಳಗೆ, ತೊರಗಲ್ಲಿನ ಹಳೆಯ ಕೋಟೆಯನ್ನೂ ಭೂತನಾಥನ ಗುಡಿಯನ್ನೂ ಕಂಡು ರಾಮದುರ್ಗವನ್ನು ಸೇರಬಹುದು. ಇದು 1948ರವರೆಗೆ ಭಾವೆ ಮನೆತನದವರ ಸಣ್ಣ ಸಂಸ್ಥಾನವಾಗಿತ್ತು. ಸಮೀಪದ ಸುರೇಬಾನದಲ್ಲಿ 1858ರ ಮೇ ತಿಂಗಳ ಒಂದು ರಾತ್ರಿ ನರಗುಂದದ ಬಾಬಾಸಾಹೇಬನ ದಂಡು ಆಂಗ್ಲ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದಿತು; ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ಸುರೇಬಾನದ ಬಳಿ ಶಬರಿಕೊಳ್ಳವಿದೆ. ಗುಡ್ಡದ ಮಡಿಲು, ನೀರಿನ ಹೊಂಡ, ಮರಗಳ ತಂಪು. ರಾಮನ ಬರವಿಗಾಗಿ ಶಬರಿ ಕಾದ ತಾಣವೆಂದು ಜನರ ನಂಬುಗೆ.

ಮುಗಿಸುವ ಮುನ್ನ ಒಂದು ಪ್ರಸಂಗವನ್ನು ಹೇಳಬೇಕು. ಈ ದಡದ ಒಂದು ಹಳ್ಳಿಯಲ್ಲಿ ಬರಹವುಳ್ಳ ಕಲ್ಲೊಂದನ್ನು ಅಗಸೆಯ ಬಳಿ ಅರಿವೆ ಒಗೆಯಲು ಹಾಸಿದ್ದರು. ನಾನು ಬಗ್ಗಿ ನೋಡುತ್ತಿರುವುದನ್ನು ಕಂಡು ಮುದುಕರೊಬ್ಬರು ಬಂದು, “ಏನ್ ಬರದೈತ್ರೀ ಅದರಾಗ? ನಿಧಿ ಐತೇನ್ರೀ?” ಎಂದರು. ಸವೆಯದೆ ಉಳಿದಿದ್ದ ಕೆಲವು ಸಾಲುಗಳನ್ನು ಕಷ್ಟದಿಂದ ಓದಿ, “ನಿಧಿ ಅಲ್ಲ ಅಜ್ಜಾರೇ; ನಿಮ್ಮೂರ ಗುಡಿಯ ದೀಪಕ್ಕೆ ಹೊಲ ಬಿಟ್ಟುಕೊಟ್ಟ ಮಾತು. ಇದನ್ನು ಕೆಡಿಸಿದವರಿಗೆ ಪಾಪ ತಟ್ಟಲಿ ಎಂದು ಕೊನೆಗೆ ಬರೆದಿದ್ದಾರೆ,” ಎಂದೆನು. ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮೂರಿಂದs ಐತಿ ಅಂತ ಇಷ್ಟ ದಿನಾ ಯಾರೂ ಹೇಳಲಿಲ್ಲ ನೋಡ್ರಿ,” ಎಂದರು. ಮರುವರ್ಷ ಹೋದಾಗ ಒಗೆಯುವುದಕ್ಕೆ ಬೇರೆ ಕಲ್ಲು ಬಂದಿತ್ತು. ಹಳೆಯದನ್ನು ಗುಡಿಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಮಧ್ಯದ ಏಳೆಂಟು ಸಾಲುಗಳು ಮಾತ್ರ ಎಂದೆಂದಿಗೂ ಅಳಿಸಿಹೋಗಿದ್ದುವು.

ಅಜ್ಜನ ಆ ಮಾತಿಗೆ ಉತ್ತರ ಹೇಳಬೇಕಾದವರು ಓದು ಬಲ್ಲ ನಾವು. ಪರಕೀಯನಾದ ಸೆರೆಯಾಳು ಬಿಡುಗಡೆಯಾಗಿ ಬಂದು ನಮ್ಮ ಕಲ್ಲುಗಳನ್ನು ಓದಿಸಿದನು. ಮನೆಯವರಾದ ನಾವು ಅವುಗಳ ಪಕ್ಕದಲ್ಲಿ ಹಾದುಹೋಗುತ್ತಿದ್ದೇವೆ. ಕಾರ್ತಿಕದಿಂದ ಮಾಘದವರೆಗೆ ಈ ಸೀಮೆಯ ಹವೆ ಹಿತವಾಗಿರುತ್ತದೆ. ಮೂರು ದಿನಗಳ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಅಬ್ಬಿಯನ್ನು ನೋಡಿರಿ, ಕೋಟೆಯನ್ನು ಹತ್ತಿರಿ, ಗೋಡೆಗಳ ಮೇಲೆ ನಿಮ್ಮ ಹೆಸರನ್ನು ಕೆತ್ತಬೇಡಿರಿ. ಬರಹವುಳ್ಳ ಕಲ್ಲೊಂದು ಕಂಡರೆ ಅಲ್ಲಿ ನಿಂತು, ಅದು ಯಾರ ಮಾತೆಂಬುದನ್ನು ತಿಳಿದವರಿಂದ ಕೇಳಿ, ಆ ಊರಿನವರಿಗೆ ತಿಳಿಸಿರಿ. ಅಷ್ಟು ಮಾಡಿದರೆ ನಿಮ್ಮ ಪ್ರವಾಸ ಸಾರ್ಥಕವಾದಂತೆ.